ಹೀಟ್ ಪಂಪೋ, ಗ್ಯಾಸ್ ಫರ್ನೇಸೋ? ಅಮೆರಿಕದ ಚಳಿನಾಡಿನ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಶಿಕಾಗೋ ಸುತ್ತಲಿನ ಉಪನಗರಗಳಲ್ಲಿ ಮನೆ ಕೊಂಡು ನೆಲೆಸಿರುವ ಕನ್ನಡಿಗರ ಮನೆಗಳನ್ನು ನೋಡಿದರೆ, ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಗ್ಯಾಸ್ ಫರ್ನೇಸ್, ಹಿತ್ತಲ ಗೋಡೆಯ ಪಕ್ಕ ಒಂದು ಏಸಿ ಯಂತ್ರ ಇದ್ದೇ ಇರುತ್ತವೆ. ಹದಿನೈದು ಇಪ್ಪತ್ತು ವರ್ಷ ಅವುಗಳ ಇರವೇ ನಮ್ಮ ಗಮನಕ್ಕೆ ಬರುವುದಿಲ್ಲ. ನಮ್ಮ ಮನೆಯ ಫರ್ನೇಸ್ ಜನವರಿಯ ಒಂದು ರಾತ್ರಿ ನಿಂತುಹೋಯಿತು. ಬೆಳಗಿನ ಜಾವ ಎದ್ದಾಗ ಥರ್ಮೋಸ್ಟಾಟ್ 54 ಡಿಗ್ರಿ ತೋರಿಸುತ್ತಿತ್ತು. ಬಂದ ತಂತ್ರಜ್ಞ ಹಳೆಯ ಯಂತ್ರದ ಮೇಲಿನ ಫಲಕ ಓದಿ, ಅದೇ ಅಳತೆಯ ಹೊಸ ಫರ್ನೇಸಿಗೆ ಬೆಲೆ ಬರೆದುಕೊಟ್ಟು, ಸಂಜೆಯೊಳಗೆ ತೀರ್ಮಾನ ತಿಳಿಸಿ ಎಂದು ಹೊರಟ. ಮನೆಯ ಒಂದು ಕಿಟಕಿಯನ್ನೂ ಆತ ನೋಡಲಿಲ್ಲ. ಕೆಟ್ಟಿದ್ದು ಉರಿ ಹೊತ್ತಿಸುವ ಇಗ್ನೈಟರ್ ಎಂಬ ಚಿಕ್ಕ ಭಾಗವೊಂದೇ ಎಂದು ಎರಡನೆಯ ತಂತ್ರಜ್ಞ ಬಂದಾಗ ಗೊತ್ತಾಯಿತು. ಅದನ್ನು ಬದಲಿಸಿಕೊಂಡು ಆ ಚಳಿಗಾಲ ಕಳೆದೆವು, ಲೆಕ್ಕ ಹಾಕಲು ನಮಗೆ ಎಂಟು ತಿಂಗಳು ಸಿಕ್ಕಿತು.

ಬೆಂಕಿ ಬಿದ್ದಾಗ ಬಾವಿ ತೋಡುವಂತಾಗಬಾರದು ಎಂಬುದೇ ಈ ಬರಹದ ಉದ್ದೇಶ. ಹೀಟ್ ಪಂಪ್ ಒಳ್ಳೆಯದೋ ಫರ್ನೇಸ್ ಒಳ್ಳೆಯದೋ ಎಂಬ ಪ್ರಶ್ನೆಗೆ ಎಲ್ಲ ಮನೆಗಳಿಗೂ ಹೊಂದುವ ಉತ್ತರವಿಲ್ಲ. ನಿಮ್ಮ ಮನೆಗೆ ಉತ್ತರವಿದೆ, ಅದು ನಿಮ್ಮ ಗ್ಯಾಸ್ ಮತ್ತು ವಿದ್ಯುತ್ ಬಿಲ್ಲುಗಳಲ್ಲಿಯೇ ಅಡಗಿದೆ. ಈ ಬರಹದಲ್ಲಿ ಡಿಗ್ರಿ ಎಂದಲ್ಲೆಲ್ಲ ಫ್ಯಾರನ್‌ಹೀಟ್ ಎಂದೇ ತಿಳಿಯಬೇಕು, ಇಲ್ಲಿನ ಯಂತ್ರಗಳ ಅಂಕಿಗಳೆಲ್ಲ ಅದರಲ್ಲೇ ಇರುತ್ತವೆ.

ಎರಡು ಯಂತ್ರಗಳು ಕೆಲಸ ಮಾಡುವ ಬಗೆ

ಫರ್ನೇಸ್ ಗ್ಯಾಸನ್ನು ಉರಿಸಿ, ಆ ಶಾಖವನ್ನು ಲೋಹದ ಹೀಟ್ ಎಕ್ಸ್‌ಚೇಂಜರ್ ಮೂಲಕ ಗಾಳಿಗೆ ದಾಟಿಸಿ, ಹೊಗೆಯನ್ನು ಹೊರಕ್ಕೆ ಕಳಿಸುತ್ತದೆ. ಉರಿದ ಗ್ಯಾಸಿನಲ್ಲಿ ಎಷ್ಟು ಪಾಲು ಮನೆಗೆ ದಕ್ಕುತ್ತದೆ ಎಂಬುದನ್ನು ಎ.ಎಫ್.ಯು.ಇ. ಎಂಬ ಶೇಕಡಾವಾರು ಅಂಕಿ ಹೇಳುತ್ತದೆ. ಲೋಹದ ಚಿಮಣಿ ಕೊಳವೆ ಇರುವ ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯವಾಗಿ 80, ಬಿಳಿಯ ಪಿ.ವಿ.ಸಿ. ಪೈಪಿನಿಂದ ಹೊಗೆ ಹೋಗುವ, ಹೊಗೆಯಲ್ಲಿನ ನೀರಾವಿಯನ್ನೂ ತಣಿಸಿ ಶಾಖ ಹಿಂಡಿಕೊಳ್ಳುವ ಕಂಡೆನ್ಸಿಂಗ್ ಮಾದರಿಗಳಲ್ಲಿ 90ರಿಂದ 98ರವರೆಗೆ. ನೂರನ್ನು ದಾಟಲು ಯಾವ ಫರ್ನೇಸಿಗೂ ಸಾಧ್ಯವಿಲ್ಲ.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಮನೆಯ ಫ್ರಿಜ್ ಒಳಗಿನ ಶಾಖವನ್ನು ಹೀರಿ ಹಿಂಬದಿಯಿಂದ ಅಡುಗೆಮನೆಗೆ ಬಿಡುವುದನ್ನು ಕೈಯಿಟ್ಟು ನೋಡಿರುತ್ತೀರಿ. ಹೀಟ್ ಪಂಪ್ ಅದೇ ಕೆಲಸವನ್ನು ಹೊರಗಿನ ಗಾಳಿಯ ಮೇಲೆ ಮಾಡುತ್ತದೆ. ನಮ್ಮ ಮೈಗೆ ಕೊರೆಯುವ ಸೊನ್ನೆ ಡಿಗ್ರಿಯ ಗಾಳಿಯಲ್ಲೂ ಶಾಖವಿದೆ, ಯಂತ್ರದ ಕೊಳವೆಗಳಲ್ಲಿ ಸುತ್ತುವ, ಅದಕ್ಕಿಂತ ತಣ್ಣಗಿರುವ ರೆಫ್ರಿಜರೆಂಟ್ ಎಂಬ ಶೀತಕ ಅದನ್ನು ಹೀರಿಕೊಳ್ಳಬಲ್ಲದು. ಹೊಸ ತಂತ್ರವೇನಲ್ಲ ಇದು; ಜ್ಯೂರಿಕ್ ನಗರದ ಪುರಭವನವನ್ನು 1938ರಲ್ಲಿಯೇ ಪಕ್ಕದ ಲಿಮಾಟ್ ನದಿಯ ನೀರಿನಿಂದ ಶಾಖವೆತ್ತಿ ಬೆಚ್ಚಗಿಟ್ಟಿದ್ದರು. ಒಂದು ಯೂನಿಟ್ ವಿದ್ಯುತ್ ಬಳಸಿ ಎಷ್ಟು ಯೂನಿಟ್ ಶಾಖ ತಂದಿತು ಎಂಬುದಕ್ಕೆ ಸಿ.ಓ.ಪಿ. ಎನ್ನುತ್ತಾರೆ. ಒಳ್ಳೆಯ ಯಂತ್ರವೊಂದರ ಸಿ.ಓ.ಪಿ. 47 ಡಿಗ್ರಿಯಲ್ಲಿ ಮೂರೂವರೆಯಿಂದ ನಾಲ್ಕು, 17 ಡಿಗ್ರಿಯಲ್ಲಿ ಎರಡೂವರೆಯ ಆಸುಪಾಸು, 5 ಡಿಗ್ರಿಯಲ್ಲಿ ಎರಡರ ಸುತ್ತಮುತ್ತ ಇರುತ್ತದೆ. ಚಳಿ ಹೆಚ್ಚಿದಷ್ಟೂ ಅದರ ಕೈ ಬಿಗಿಯಾಗುತ್ತದೆ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಬೇಸಿಗೆಯಲ್ಲಿ ಇದೇ ಯಂತ್ರ ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ, ಅಂದರೆ ಅದೇ ನಿಮ್ಮ ಏಸಿ. ದಿಕ್ಕು ಬದಲಿಸುವ ಒಂದು ಕವಾಟ, ಮಂಜು ಕರಗಿಸುವ ವ್ಯವಸ್ಥೆ, ಕೆಲವು ಸೆನ್ಸರ್‌ಗಳು, ಇಷ್ಟನ್ನು ಬಿಟ್ಟರೆ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆದುದರಿಂದ ಹೀಟ್ ಪಂಪಿನ ಬೆಲೆಯನ್ನು ಫರ್ನೇಸಿನ ಬೆಲೆಯ ಎದುರು ಮಾತ್ರ ಇಟ್ಟು ತೂಗುವುದು ತಪ್ಪು. ಫರ್ನೇಸ್ ಮತ್ತು ಏಸಿ ಎರಡರ ಒಟ್ಟು ಬೆಲೆಯ ಎದುರು ಇಡಬೇಕು.

ಮೊದಲ ಹೆಜ್ಜೆ: ಮನೆಗೆ ಎಷ್ಟು ಶಾಖ ಬೇಕು ಎಂದು ಬಿಲ್ಲಿನಿಂದಲೇ ಕಂಡುಕೊಳ್ಳುವುದು

ಬೇಸ್‌ಮೆಂಟಿಗೆ ಇಳಿದು ಫರ್ನೇಸಿನ ಮುಂಬಾಗಿಲು ತೆಗೆದರೆ ಒಳಗೋಡೆಗೆ ಅಂಟಿಸಿದ ಫಲಕವೊಂದು ಕಾಣುತ್ತದೆ. ನಮ್ಮದರಲ್ಲಿ ಇನ್‌ಪುಟ್ 1,00,000 ಬಿಟಿಯು, ಔಟ್‌ಪುಟ್ 80,000 ಬಿಟಿಯು ಎಂದಿತ್ತು (ಬಿಟಿಯು ಎಂದರೆ ಶಾಖವನ್ನು ಅಳೆಯುವ ಮಾನ). ಇದು ಯಂತ್ರ ಗಂಟೆಗೆ ಎಷ್ಟು ಶಾಖ ಕೊಡಬಲ್ಲದು ಎಂದು ಹೇಳುತ್ತದೆಯೇ ಹೊರತು ಮನೆಗೆ ಎಷ್ಟು ಬೇಕು ಎಂದಲ್ಲ. ಎಷ್ಟು ಬೇಕು ಎಂಬುದನ್ನು ಜನವರಿಯ ಗ್ಯಾಸ್ ಬಿಲ್ಲು ಹೇಳುತ್ತದೆ.

ಜನವರಿಯಲ್ಲಿ 190 ಥರ್ಮ್ ಗ್ಯಾಸ್ ಖರ್ಚಾಗಿದೆ ಎಂದುಕೊಳ್ಳೋಣ. ಒಂದು ಥರ್ಮ್ ಎಂದರೆ 1,00,000 ಬಿಟಿಯು. ಜುಲೈ ಬಿಲ್ಲಿನಲ್ಲಿ 20 ಥರ್ಮ್ ಇದ್ದರೆ ಅದು ಸ್ನಾನದ ನೀರಿಗೂ ಅಡುಗೆಗೂ ಹೋದದ್ದು, ಅದನ್ನು ಕಳೆಯಬೇಕು. ಉಳಿದ 170 ಥರ್ಮಿನಲ್ಲಿ, ಫರ್ನೇಸ್ 80 ಶೇಕಡಾ ದಕ್ಷತೆಯದ್ದಾದರೆ, ಮನೆಗೆ ದಕ್ಕಿದ್ದು 136 ಥರ್ಮ್, ಅಂದರೆ 1,36,00,000 ಬಿಟಿಯು. ಇನ್ನು ಚಳಿಯ ಪ್ರಮಾಣ. ಹೊರಗಿನ ಸರಾಸರಿ ಉಷ್ಣತೆ 65 ಡಿಗ್ರಿಗಿಂತ ಎಷ್ಟು ಕಡಿಮೆಯಿತ್ತೋ ಅದನ್ನು ದಿನಗಳ ಸಂಖ್ಯೆಯಿಂದ ಗುಣಿಸಿದರೆ ಡಿಗ್ರಿ ದಿನಗಳು ಸಿಗುತ್ತವೆ. ಆ ತಿಂಗಳ ಸರಾಸರಿ 25 ಡಿಗ್ರಿ ಇದ್ದರೆ, 40 ಡಿಗ್ರಿಯ ಅಂತರ 31 ದಿನ, ಒಟ್ಟು 1,240. ದಕ್ಕಿದ ಶಾಖವನ್ನು 1,240ರಿಂದಲೂ ಆ ಮೇಲೆ 24 ಗಂಟೆಗಳಿಂದಲೂ ಭಾಗಿಸಿದರೆ ಸುಮಾರು 457 ಬರುತ್ತದೆ. ಹೊರಗೆ ಒಂದು ಡಿಗ್ರಿ ಇಳಿದಾಗಲೆಲ್ಲ ನಿಮ್ಮ ಮನೆ ಗಂಟೆಗೆ 457 ಬಿಟಿಯು ಹೆಚ್ಚು ಬೇಡುತ್ತದೆ ಎಂದು ಇದರ ಅರ್ಥ.

ಕೊನೆಯದಾಗಿ, ನಿಮ್ಮ ಊರಿನ ವಿನ್ಯಾಸ ಉಷ್ಣತೆಯನ್ನು ತಿಳಿಯಬೇಕು. ವರ್ಷದ ಶೇಕಡಾ 99 ಗಂಟೆಗಳು ಯಾವ ಉಷ್ಣತೆಗಿಂತ ಮೇಲಿರುತ್ತವೋ ಅದನ್ನು ಆಶ್ರೇ ಎಂಬ ಎಂಜಿನಿಯರುಗಳ ಸಂಸ್ಥೆಯ ಪಟ್ಟಿಗಳು ಊರೂರಿಗೂ ಕೊಡುತ್ತವೆ. ಶಿಕಾಗೋಗೆ ಅದನ್ನು ಸೊನ್ನೆ ಎಂದು ಹಿಡಿದರೆ, 65 ಡಿಗ್ರಿಯ ಅಂತರಕ್ಕೆ 457ರಂತೆ ಸುಮಾರು 30,000 ಬಿಟಿಯು. ಬೇಸ್‌ಮೆಂಟಿನಲ್ಲಿ 80,000 ಬಿಟಿಯು ಕೊಡಬಲ್ಲ ಯಂತ್ರ ಇರುವ ಮನೆಗೆ ಬೇಕಾಗಿರುವುದು ಮೂವತ್ತು ಸಾವಿರ. ಅಡುಗೆಮನೆಯ ಮೇಜಿನ ಮೇಲೆ ಬಿಲ್ಲುಗಳನ್ನು ಹರಡಿಕೊಂಡು ಈ ಲೆಕ್ಕವನ್ನು ಮೂರು ಬಾರಿ ಹಾಕಿದೆ, ಉತ್ತರ ನಂಬುವಂತಿರಲಿಲ್ಲ. ನಂತರ ನೋಡಿದ ಸ್ನೇಹಿತರ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಕತೆ. ಅಳತೆ ಮೀರಿದ ಫರ್ನೇಸ್ ಹತ್ತು ನಿಮಿಷ ಭುಗಿಲೆಂದು ಉರಿದು ನಿಲ್ಲುತ್ತದೆ. ಮಹಡಿಯ ಕೋಣೆ ಸೆಕೆಯಾಗಿ, ಗ್ಯಾರೇಜಿನ ಮೇಲಿನ ಕೋಣೆ ತಣ್ಣಗೇ ಉಳಿಯುವುದಕ್ಕೆ ಇದೂ ಒಂದು ಕಾರಣ.

ಒಂದು ಅನುಮಾನ ಸಹಜ: ವಿನ್ಯಾಸ ಉಷ್ಣತೆಗಿಂತ ಕೆಳಗೆ ಹೋದ ದಿನ ಏನು ಗತಿ? 2019ರ ಜನವರಿ 30ರಂದು ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 23 ಡಿಗ್ರಿ ಕೆಳಗೆ ಇಳಿದಿತ್ತು. ಅಂಥ ದಿನ ಈ ಮನೆಗೆ ಸುಮಾರು 40,000 ಬಿಟಿಯು ಬೇಕು. ಆಗ 38,000 ಕೊಡುವ ಯಂತ್ರವಿದ್ದರೆ ಒಳಗಿನ ಉಷ್ಣತೆ ಕೆಲವು ಗಂಟೆಗಳ ಕಾಲ ಐದು ಡಿಗ್ರಿಯಷ್ಟು ಇಳಿಯಬಹುದು, ಅಷ್ಟೆ. ಆ ಕೆಲವು ಗಂಟೆಗಳಿಗಾಗಿ ಎರಡರಷ್ಟು ದೊಡ್ಡ ಯಂತ್ರವನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವುದು ಸರಿಯಲ್ಲ.

ಲೆಕ್ಕ ಮುಗಿದ ಮೇಲೆ ಅಟ್ಟವನ್ನೂ ಒಮ್ಮೆ ಹತ್ತಿ ನೋಡಬೇಕು. ಚಳಿನಾಡಿನಲ್ಲಿ ಅಟ್ಟದ ಇನ್ಸುಲೇಶನ್ ಕನಿಷ್ಠ ಆರ್-49 ಇರಬೇಕು (ಆರ್ ಎಂದರೆ ಶಾಖ ಸೋರುವುದನ್ನು ತಡೆಯುವ ಶಕ್ತಿಯ ಅಳತೆ). ಹಳೆಯ ಮನೆಗಳಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಟ್ಟದ ಸಂದುಗಳನ್ನು ಮುಚ್ಚಿ ಇನ್ಸುಲೇಶನ್ ತುಂಬಿಸಿದರೆ ಬೇಕಾದ ಶಾಖವೇ ಇಳಿಯುತ್ತದೆ, ಆಗ ಕೊಳ್ಳುವ ಯಂತ್ರವೂ ಚಿಕ್ಕದಾಗುತ್ತದೆ. ಯಂತ್ರ ಬದಲಿಸುವ ಮೊದಲೇ ಈ ಕೆಲಸ ಆಗಬೇಕು, ಆಮೇಲಲ್ಲ.

ಎರಡನೆಯ ಹೆಜ್ಜೆ: ಒಂದು ಥರ್ಮ್ ಶಾಖಕ್ಕೆ ಯಾವುದರಿಂದ ಎಷ್ಟು ಖರ್ಚು

ಇಲ್ಲಿಯೇ ಹಲವರು ಕೈ ಸುಟ್ಟುಕೊಳ್ಳುವುದು. ಹೀಟ್ ಪಂಪ್ ಮೂರು ಪಟ್ಟು ದಕ್ಷ ಎಂದ ಮಾತ್ರಕ್ಕೆ ಬಿಲ್ಲು ಮೂರರಲ್ಲಿ ಒಂದಾಗುವುದಿಲ್ಲ, ಏಕೆಂದರೆ ಅಮೆರಿಕದ ಹೆಚ್ಚಿನ ಕಡೆ ಅಷ್ಟೇ ಶಾಖಶಕ್ತಿಗೆ ವಿದ್ಯುತ್ತಿನ ಬೆಲೆ ಗ್ಯಾಸಿನ ಬೆಲೆಗಿಂತ ಮೂರು ನಾಲ್ಕು ಪಟ್ಟು ಇರುತ್ತದೆ. ಒಂದು ಥರ್ಮ್ ಶಾಖ 29.3 ಯೂನಿಟ್ (ಕಿಲೋವ್ಯಾಟ್-ಗಂಟೆ) ವಿದ್ಯುತ್ತಿಗೆ ಸಮ. ನಿಮ್ಮ ಬಿಲ್ಲಿನ ಒಟ್ಟು ಮೊತ್ತವನ್ನು ಯೂನಿಟ್‌ಗಳಿಂದ ಭಾಗಿಸಬೇಡಿ. ತಿಂಗಳ ಸ್ಥಿರ ಶುಲ್ಕವನ್ನು ಕಳೆದು, ಸರಬರಾಜು, ವಿತರಣೆ, ತೆರಿಗೆ ಎಲ್ಲ ಸೇರಿ ಒಂದು ಯೂನಿಟ್ ಹೆಚ್ಚು ಬಳಸಿದರೆ ಎಷ್ಟು ಹೆಚ್ಚು ಕೊಡಬೇಕಾಗುತ್ತದೆ ಎಂಬ ದರವನ್ನು ಎರಡೂ ಬಿಲ್ಲುಗಳಿಂದ ತೆಗೆಯಬೇಕು.

ಆ ಮೇಲಿನ ಸೂತ್ರ ಸರಳ. 29.3ನ್ನು ವಿದ್ಯುತ್ ದರದಿಂದ ಗುಣಿಸಿ, ಫರ್ನೇಸಿನ ದಕ್ಷತೆಯಿಂದ ಗುಣಿಸಿ, ಗ್ಯಾಸಿನ ಥರ್ಮ್ ದರದಿಂದ ಭಾಗಿಸಿದರೆ ಸಮಬಿಂದುವಿನ ಸಿ.ಓ.ಪಿ. ಸಿಗುತ್ತದೆ. ಹೀಟ್ ಪಂಪ್ ಅದಕ್ಕಿಂತ ಚೆನ್ನಾಗಿ ಓಡುವ ಗಂಟೆಗಳಲ್ಲಿ ಹೀಟ್ ಪಂಪ್ ಅಗ್ಗ. ಉಳಿದ ಗಂಟೆಗಳಲ್ಲಿ ಗ್ಯಾಸ್ ಅಗ್ಗ.

ಯೂನಿಟ್ಟಿಗೆ 16 ಸೆಂಟ್, ಥರ್ಮಿಗೆ 1 ಡಾಲರ್ 20 ಸೆಂಟ್ ಕೊಡುವ ಮನೆಯೊಂದನ್ನು ತೆಗೆದುಕೊಳ್ಳಿ. ಹೊಸ 95 ಶೇಕಡಾ ಫರ್ನೇಸಿಗೆ ಎದುರಾಗಿ ಸಮಬಿಂದು 3.7, ಅಂದರೆ ಹೊರಗೆ 45 ಡಿಗ್ರಿಯ ಮೇಲಿರುವ ಹಗಲುಗಳಲ್ಲಿ ಮಾತ್ರ ಹೀಟ್ ಪಂಪ್ ಗೆಲ್ಲುತ್ತದೆ. ಅದೇ ಮನೆಯಲ್ಲಿ ಹಳೆಯ 80 ಶೇಕಡಾ ಫರ್ನೇಸ್ ಇದ್ದರೆ ಸಮಬಿಂದು 3.1ಕ್ಕೆ ಇಳಿಯುತ್ತದೆ, ಗೆಲ್ಲುವ ಗಂಟೆಗಳು ಬಹಳ ಹೆಚ್ಚುತ್ತವೆ. ಇನ್ನು ದಕ್ಷಿಣಕ್ಕೆ ಇಳಿದು, ನಾರ್ತ್ ಕ್ಯಾರೊಲಿನಾದ ರಾಲಿ, ಕ್ಯಾರಿ ಕಡೆಯ ಹದವಾದ ಚಳಿಯಲ್ಲಿ 13 ಸೆಂಟಿನ ವಿದ್ಯುತ್ತೂ ಒಂದೂವರೆ ಡಾಲರಿನ ಗ್ಯಾಸೂ ಇರುವ ಮನೆಯನ್ನು ಊಹಿಸಿದರೆ, ಹೊಸ ಫರ್ನೇಸಿನ ಎದುರೂ ಸಮಬಿಂದು 2.4 ಮಾತ್ರ. ಅಲ್ಲಿ ಚಳಿಗಾಲದ ಬಹುಪಾಲು ಹೀಟ್ ಪಂಪಿನದ್ದೇ ಮೇಲುಗೈ, ಗ್ಯಾಸ್ ಫರ್ನೇಸ್ ಹೊಸದಾಗಿ ಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ. ಮ್ಯಾಸಚೂಸೆಟ್ಸಿನಲ್ಲಿ 30 ಸೆಂಟಿನ ವಿದ್ಯುತ್ತು, ಎರಡು ಡಾಲರಿನ ಗ್ಯಾಸು ಎಂದರೆ ಸಮಬಿಂದು 4.2ಕ್ಕೆ ಏರುತ್ತದೆ; ಅಲ್ಲಿರುವವರು ಹೀಟ್ ಪಂಪ್ ಮನೆಗಳಿಗೆ ವಿದ್ಯುತ್ ಕಂಪನಿ ಕೊಡುವ ಚಳಿಗಾಲದ ರಿಯಾಯಿತಿ ದರವನ್ನು ವಿಚಾರಿಸದೆ ಲೆಕ್ಕ ಮುಗಿಸಬಾರದು. ಈ ದರಗಳೆಲ್ಲ ಲೆಕ್ಕ ತೋರಿಸಲು ಹಿಡಿದವು; ನಿಮ್ಮ ಬಿಲ್ಲಿನ ದರವನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ.

ಗ್ಯಾಸ್ ಪೈಪೇ ಇಲ್ಲದೆ ಪ್ರೊಪೇನ್ ಟ್ಯಾಂಕ್ ಇಟ್ಟುಕೊಂಡವರ ವಿಷಯದಲ್ಲಿ ಚರ್ಚೆಯೇ ಬೇಡ. ಒಂದು ಗ್ಯಾಲನ್ ಪ್ರೊಪೇನಿನಲ್ಲಿ 91,500 ಬಿಟಿಯು ಇರುತ್ತದೆ. ಗ್ಯಾಲನ್ನಿಗೆ 2 ಡಾಲರ್ 80 ಸೆಂಟ್ ಆದರೆ 95 ಶೇಕಡಾ ಫರ್ನೇಸಿನಲ್ಲೂ ಒಂದು ಥರ್ಮ್ ಶಾಖಕ್ಕೆ 3 ಡಾಲರ್ 20 ಸೆಂಟಿನಷ್ಟು ಬೀಳುತ್ತದೆ. 16 ಸೆಂಟಿನ ವಿದ್ಯುತ್ತಿನಲ್ಲಿ ಸಿ.ಓ.ಪಿ. ಎರಡೂವರೆ ಇರುವ ಹೀಟ್ ಪಂಪಿಗೆ 1 ಡಾಲರ್ 90 ಸೆಂಟ್ ಸಾಕು. ಎಣ್ಣೆ ಉರಿಸುವ ಮನೆಗಳೂ ಇದೇ ಸಾಲಿಗೆ ಸೇರುತ್ತವೆ. ಬಹಳಷ್ಟು ಮನೆಗಳು ಎಣ್ಣೆಯನ್ನೇ ನಂಬಿದ್ದ ಮೇಯ್ನ್ ರಾಜ್ಯ, ಅಷ್ಟೊಂದು ಚಳಿಯ ನಡುವೆಯೂ, ಒಂದು ಲಕ್ಷ ಹೀಟ್ ಪಂಪ್‌ಗಳ ಗುರಿಯನ್ನು ಎರಡು ವರ್ಷ ಮುಂಚೆಯೇ, 2023ರಲ್ಲಿ ಮುಟ್ಟಿತು.

ಸ್ಥಿರ ಶುಲ್ಕದ ವಿಷಯವೊಂದಿದೆ. ಫರ್ನೇಸ್ ಮಾತ್ರ ತೆಗೆದು, ಒಲೆಯನ್ನೂ ಬಿಸಿನೀರಿನ ಟ್ಯಾಂಕನ್ನೂ ಗ್ಯಾಸಿನಲ್ಲೇ ಉಳಿಸಿಕೊಂಡರೆ ತಿಂಗಳ ಗ್ಯಾಸ್ ಸಂಪರ್ಕ ಶುಲ್ಕ ಹಾಗೆಯೇ ಮುಂದುವರಿಯುತ್ತದೆ. ಮೂರನ್ನೂ ವಿದ್ಯುತ್ತಿಗೆ ಬದಲಿಸುವ ಉದ್ದೇಶವಿದ್ದರೆ ವರ್ಷದ ಆ ಉಳಿತಾಯವನ್ನು ಹೀಟ್ ಪಂಪಿನ ತಕ್ಕಡಿಗೆ ಹಾಕಬಹುದು. ಒಗ್ಗರಣೆಗೆ ಉರಿಯ ಒಲೆಯೇ ಬೇಕು ಎನ್ನುವ ಮನೆಯವರಿದ್ದರೆ ಆ ಮಾತನ್ನು ಈಗಲೇ ಆಡಿ ಮುಗಿಸುವುದು ಮೇಲು.

ಹಣದ ಆಚೆಗೂ ಒಂದು ಲೆಕ್ಕವಿದೆ, ನನಗೆ ಅದು ಚಿಕ್ಕದಲ್ಲ. ಒಂದು ಥರ್ಮ್ ಗ್ಯಾಸ್ ಉರಿದರೆ 5.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ತಿಂಗಳಿಗೆ 170 ಥರ್ಮ್ ಎಂದರೆ 900 ಕಿಲೋ, ಒಂದೇ ಮನೆಯಿಂದ, ಒಂದೇ ತಿಂಗಳಲ್ಲಿ. ಇಲಿನಾಯ್ ರಾಜ್ಯದ ವಿದ್ಯುತ್ತಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅಣುಸ್ಥಾವರಗಳಿಂದ ಬರುವುದರಿಂದ ಇಲ್ಲಿ ಹೀಟ್ ಪಂಪ್ ಓಡಿದ ಪ್ರತಿ ಗಂಟೆಯೂ ಆ ಹೊರೆಯನ್ನು ಗಣನೀಯವಾಗಿ ಇಳಿಸುತ್ತದೆ.

ಮೂರನೆಯ ಹೆಜ್ಜೆ: ಚಳಿಯಲ್ಲಿ ಯಂತ್ರದ ನಿಜವಾದ ಶಕ್ತಿ

ಹೀಟ್ ಪಂಪನ್ನು ಟನ್ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು. ಆದರೆ ಈ ಅಂಕಿ ಹಿತವಾದ ಹವೆಯಲ್ಲಿ ಅಳೆದದ್ದು. ಒಂದೇ ವೇಗದಲ್ಲಿ ಓಡುವ ಸಾಧಾರಣ 3 ಟನ್ ಯಂತ್ರ 47 ಡಿಗ್ರಿಯಲ್ಲಿ 36,000 ಬಿಟಿಯು ಕೊಟ್ಟರೂ 17 ಡಿಗ್ರಿಗೆ ಬರುವಷ್ಟರಲ್ಲಿ ಅದರ ಶೇಕಡಾ 60ರಷ್ಟಕ್ಕೆ ಇಳಿದಿರುತ್ತದೆ. ಮನೆಯ ಬೇಡಿಕೆ ಏರುವಾಗಲೇ ಯಂತ್ರದ ಕೊಡುಗೆ ಇಳಿಯುತ್ತದೆ. ಎರಡೂ ಗೆರೆಗಳು ಸಂಧಿಸುವ ಉಷ್ಣತೆಗೆ ಬ್ಯಾಲೆನ್ಸ್ ಪಾಯಿಂಟ್ ಎಂದು ಹೆಸರು. ಅದಕ್ಕಿಂತ ಕೆಳಗೆ ಬೇರೆ ಆಸರೆ ಬೇಕೇ ಬೇಕು.

ಇನ್ವರ್ಟರ್ ಕಂಪ್ರೆಸರ್ ಇರುವ ಚಳಿನಾಡಿನ ಮಾದರಿಗಳ ಕತೆ ಬೇರೆ. ಅವು ವೇಗವನ್ನು ಏರಿಳಿಸಬಲ್ಲವು, ಕೆಲವು 5 ಡಿಗ್ರಿಯಲ್ಲೂ ತಮ್ಮ ಪೂರ್ಣ ಶಕ್ತಿಯನ್ನು ಉಳಿಸಿಕೊಳ್ಳುತ್ತವೆ. ಮಾರಾಟಗಾರ ತೋರಿಸುವ ಬಣ್ಣದ ಕರಪತ್ರವನ್ನು ಬದಿಗಿಟ್ಟು, ಮಾದರಿ ಸಂಖ್ಯೆಯನ್ನು ನೀಪ್ (NEEP) ಎಂಬ ಶಕ್ತಿ ದಕ್ಷತೆಯ ಸಂಸ್ಥೆಯ ಚಳಿನಾಡಿನ ಹೀಟ್ ಪಂಪ್ ಪಟ್ಟಿಯಲ್ಲಿ ಹುಡುಕಿ. 47, 17 ಮತ್ತು 5 ಡಿಗ್ರಿಗಳಲ್ಲಿ ಅದರ ಗರಿಷ್ಠ ಶಕ್ತಿ, ಕನಿಷ್ಠ ಶಕ್ತಿ, ಸಿ.ಓ.ಪಿ. ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಆ ಪಟ್ಟಿಗೆ ಸೇರಲು 5 ಡಿಗ್ರಿಯಲ್ಲಿ ಕನಿಷ್ಠ 1.75 ಸಿ.ಓ.ಪಿ. ಇರಬೇಕು. ಗರಿಷ್ಠದಷ್ಟೇ ಕನಿಷ್ಠ ಶಕ್ತಿಯೂ ಮುಖ್ಯ. ಅಕ್ಟೋಬರಿನ ಹಿತವಾದ ದಿನಗಳಲ್ಲಿ ಮನೆಗೆ 7,000 ಬಿಟಿಯು ಸಾಕಾಗಿರುವಾಗ ಯಂತ್ರ 15,000ಕ್ಕಿಂತ ಕೆಳಗೆ ಇಳಿಯಲಾರದಿದ್ದರೆ ಅದು ಹೊತ್ತಿ ಆರಿ ಹೊತ್ತಿ ಆರಿ ದಕ್ಷತೆಯನ್ನೆಲ್ಲ ಕಳೆದುಕೊಳ್ಳುತ್ತದೆ. ದೊಡ್ಡದಿದ್ದರೆ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಡಕ್ಟ್, ವಿದ್ಯುತ್ ಪ್ಯಾನೆಲ್, ಚಿಮಣಿ

ಫರ್ನೇಸಿನ ಗಾಳಿ ವೆಂಟಿನಿಂದ ಹೊರಬರುವಾಗ 120ರಿಂದ 140 ಡಿಗ್ರಿ ಇರುತ್ತದೆ, ಹೀಟ್ ಪಂಪಿನದು 90ರಿಂದ 100. ಕಡಿಮೆ ಬಿಸಿಯ ಗಾಳಿಯಿಂದ ಅಷ್ಟೇ ಶಾಖ ತಲುಪಿಸಬೇಕಾದರೆ ಹೆಚ್ಚು ಗಾಳಿ ಹರಿಯಬೇಕು, ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ. ಡಕ್ಟ್‌ಗಳು (ಕೋಣೆಗಳಿಗೆ ಗಾಳಿ ಸಾಗಿಸುವ ಕೊಳವೆಗಳು) ಇಕ್ಕಟ್ಟಾಗಿದ್ದರೆ ಎಷ್ಟು ಒಳ್ಳೆಯ ಯಂತ್ರವೂ ಉಸಿರುಗಟ್ಟುತ್ತದೆ. ಸ್ಟ್ಯಾಟಿಕ್ ಪ್ರೆಶರ್, ಅಂದರೆ ಡಕ್ಟಿನೊಳಗಿನ ಗಾಳಿಯ ಒತ್ತಡವನ್ನು ಅಳೆದು ತೋರಿಸಿ ಎಂದು ಕೇಳಿ. ಡಕ್ಟಿಗೆ ಎರಡು ಸಣ್ಣ ರಂಧ್ರ ಕೊರೆದು ಹತ್ತು ನಿಮಿಷದಲ್ಲಿ ಅಳೆಯಬಹುದಾದದ್ದು ಅದು. ಹೆಚ್ಚಿನ ಯಂತ್ರಗಳನ್ನು ಅರ್ಧ ಇಂಚು ನೀರಿನ ಆಸುಪಾಸಿನ ಒತ್ತಡಕ್ಕೆ ರೂಪಿಸಿರುತ್ತಾರೆ.

ವಿದ್ಯುತ್ ಪ್ಯಾನೆಲ್ 200 ಆಂಪಿಯರ್‌ನದಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹಳೆಯ ಮನೆಯ 100 ಆಂಪಿಯರ್ ಪ್ಯಾನೆಲ್ಲಿನಲ್ಲಿ, ಹೀಟ್ ಪಂಪಿನ ಜೊತೆಗೆ ಆಸರೆಗೆಂದು 10 ಕಿಲೋವ್ಯಾಟ್ ಹೀಟ್ ಸ್ಟ್ರಿಪ್ (ವಿದ್ಯುತ್ತಿನಿಂದ ನೇರವಾಗಿ ಕಾಯುವ ತಂತಿಸುರುಳಿ) ಹಾಕಿದರೆ ಅದೊಂದೇ 42 ಆಂಪಿಯರ್ ಎಳೆಯುತ್ತದೆ. ಕಾರಿನ ಚಾರ್ಜರ್ ಕೂಡ ಇದ್ದರೆ ಎಲೆಕ್ಟ್ರಿಷಿಯನ್ ಲೋಡ್ ಲೆಕ್ಕ ಹಾಕಲೇಬೇಕು.

ಚಿಮಣಿಯ ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು, ಆದರೂ ಬಹಳ ಮಂದಿ ಹೇಳುವುದಿಲ್ಲ. ಹಳೆಯ 80 ಶೇಕಡಾ ಫರ್ನೇಸೂ ಗ್ಯಾಸ್ ಬಿಸಿನೀರಿನ ಟ್ಯಾಂಕೂ ಒಂದೇ ಚಿಮಣಿಯನ್ನು ಹಂಚಿಕೊಂಡಿರುತ್ತವೆ. ಫರ್ನೇಸನ್ನು ತೆಗೆದುಹಾಕಿದರೆ ಅಥವಾ ಪಿ.ವಿ.ಸಿ. ಪೈಪಿನ ಹೊಸ ಮಾದರಿಗೆ ಬದಲಿಸಿದರೆ, ಆ ದೊಡ್ಡ ತಣ್ಣನೆಯ ಚಿಮಣಿಯಲ್ಲಿ ಟ್ಯಾಂಕ್ ಒಂಟಿಯಾಗಿ ಉಳಿಯುತ್ತದೆ. ಅದರ ಅಲ್ಪ ಹೊಗೆಗೆ ಮೇಲೇರುವ ಬಲವಿಲ್ಲದೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತಿರುಗಿ ಬೀಳಬಹುದು. ಚಿಮಣಿಗೆ ಅಳತೆಗೆ ತಕ್ಕ ಲೈನರ್ (ಒಳಕೊಳವೆ) ಇಳಿಸುವ ಖರ್ಚು ಕೊಟೇಶನ್ನಿನಲ್ಲಿ ಇದೆಯೇ ಎಂದು ನೋಡಿ. ಗ್ಯಾಸ್ ಉರಿಯುವ ಯಾವುದೇ ಉಪಕರಣ ಉಳಿಯುವುದಾದರೆ ಮಲಗುವ ಕೋಣೆಗಳ ಹತ್ತಿರ ಮೊನಾಕ್ಸೈಡ್ ಅಲಾರ್ಮ್ ಇರಲೇಬೇಕು.

ಕರೆಂಟು ಹೋದಾಗ ಗ್ಯಾಸ್ ಫರ್ನೇಸ್ ಕಾಪಾಡುತ್ತದೆ ಎಂಬ ನಂಬಿಕೆಯೂ ತಪ್ಪು. ಅದರ ಬ್ಲೋವರ್, ಇಗ್ನೈಟರ್, ಕಂಟ್ರೋಲ್ ಬೋರ್ಡ್ ಎಲ್ಲಕ್ಕೂ ವಿದ್ಯುತ್ ಬೇಕು. 2021ರ ಫೆಬ್ರವರಿಯಲ್ಲಿ ಟೆಕ್ಸಸ್ ಕತ್ತಲಲ್ಲಿ ಮುಳುಗಿದಾಗ ಗ್ಯಾಸ್ ಇದ್ದ ಮನೆಗಳೂ ತಣ್ಣಗಾದವು. ಒಂದು ವ್ಯತ್ಯಾಸ ಮಾತ್ರ ನಿಜ: ಫರ್ನೇಸನ್ನು ಚಿಕ್ಕ ಜನರೇಟರಿನಿಂದ, ಸರಿಯಾದ ಟ್ರಾನ್ಸ್‌ಫರ್ ಸ್ವಿಚ್ ಮೂಲಕ ಓಡಿಸಬಹುದು, ಹೀಟ್ ಪಂಪಿಗೆ ಅಷ್ಟು ಸಾಲದು.

ಐದನೆಯ ಹೆಜ್ಜೆ: ತೀರ್ಮಾನ

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿಮ್ಮ ಏಸಿ ಕೆಟ್ಟಾಗ ಬರೀ ಏಸಿಯನ್ನು ಮತ್ತೆ ಕೊಳ್ಳಬೇಡಿ. ಆ ಜಾಗಕ್ಕೆ ಹೀಟ್ ಪಂಪ್ ಹಾಕಿಸಿ. ಫರ್ನೇಸ್ ಇನ್ನೂ ಗಟ್ಟಿಯಾಗಿದ್ದರೆ ಅದು ಹಾಗೆಯೇ ಇರಲಿ. ಹಿತವಾದ ಚಳಿಯಲ್ಲಿ ಹೀಟ್ ಪಂಪ್, ಕಡುಚಳಿಯಲ್ಲಿ ಫರ್ನೇಸ್, ಈ ಜೋಡಿಗೆ ಡ್ಯುಯಲ್ ಫ್ಯೂಯಲ್ ಎನ್ನುತ್ತಾರೆ. ಬದಲಾವಣೆಯ ಉಷ್ಣತೆಯನ್ನು ನಿಮ್ಮ ಸಮಬಿಂದುವಿಗೆ ತಕ್ಕಂತೆ ಥರ್ಮೋಸ್ಟಾಟಿನಲ್ಲಿ ನೀವೇ ಇಡಬಹುದು, ನಾಳೆ ದರ ಬದಲಾದರೆ ಅದನ್ನೂ ಬದಲಿಸಬಹುದು. ಗ್ಯಾಸ್ ಅಗ್ಗವಾಗಿರುವ, ಚಳಿ ತೀವ್ರವಾಗಿರುವ ಇಲಿನಾಯ್, ಮಿನಸೋಟ, ಮಿಶಿಗನ್ ಮನೆಗಳಿಗೆ ಇದಕ್ಕಿಂತ ಸಮಂಜಸವಾದ ದಾರಿ ನನಗೆ ಕಂಡಿಲ್ಲ. ಹದವಾದ ಹವೆಯ ದಕ್ಷಿಣದಲ್ಲಿ, ಜಲವಿದ್ಯುತ್ ಹೆಚ್ಚಿರುವ ಸಿಯಾಟಲ್ ಕಡೆ, ಪ್ರೊಪೇನ್ ಅಥವಾ ಎಣ್ಣೆ ಉರಿಸುವ ಮನೆಗಳಲ್ಲಿ ಹೀಟ್ ಪಂಪ್ ಒಂದೇ ಸಾಕು. ಏಸಿ ಮೊನ್ನೆಮೊನ್ನೆ ಹಾಕಿಸಿದ್ದು, ಗ್ಯಾಸ್ ಬಹಳ ಅಗ್ಗ, ಮನೆಯನ್ನು ನಾಲ್ಕೈದು ವರ್ಷದಲ್ಲಿ ಮಾರುವ ಯೋಚನೆ, ಈ ಮೂರೂ ಒಟ್ಟಿಗಿದ್ದರೆ ಸರಿಯಾದ ಅಳತೆಯ 95 ಶೇಕಡಾ ಫರ್ನೇಸ್ ಹಾಕಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ನಮ್ಮ ಮನೆಯಲ್ಲಿ ಎರಡೂ ಯಂತ್ರಗಳು ಹಳೆಯವಾಗಿದ್ದವು. ಎರಡೂವರೆ ಟನ್ನಿನ ಚಳಿನಾಡಿನ ಹೀಟ್ ಪಂಪ್, ಜೊತೆಗೆ 40,000 ಬಿಟಿಯುವಿನ 95 ಶೇಕಡಾ ಫರ್ನೇಸ್ ಹಾಕಿಸಿದೆವು. ಒಂದು ಲಕ್ಷದ ಜಾಗದಲ್ಲಿ ನಲವತ್ತು ಸಾವಿರ ಎಂದಾಗ ಇಬ್ಬರು ಗುತ್ತಿಗೆದಾರರು ಒಪ್ಪಲೇ ಇಲ್ಲ.

ಆರನೆಯ ಹೆಜ್ಜೆ: ಗುತ್ತಿಗೆದಾರನನ್ನು ಆರಿಸುವುದು

ಕನಿಷ್ಠ ಮೂರು ಕೊಟೇಶನ್ ತೆಗೆದುಕೊಳ್ಳಿ. ಒಂದೇ ಊರಿನಲ್ಲಿ ಒಂದೇ ಕೆಲಸಕ್ಕೆ ಬೆಲೆ ಎರಡು ಪಟ್ಟು ವ್ಯತ್ಯಾಸವಾಗುವುದುಂಟು. ಮ್ಯಾನ್ಯುಅಲ್ ಜೆ ಎಂಬ ಶಾಖಬೇಡಿಕೆಯ ಲೆಕ್ಕವನ್ನು ಲಿಖಿತವಾಗಿ ಕೊಡುವವರನ್ನೇ ಕರೆಯಿರಿ, ಅವರ ಅಂಕಿಯನ್ನು ನಿಮ್ಮ ಬಿಲ್ಲಿನ ಲೆಕ್ಕದ ಪಕ್ಕ ಇಟ್ಟು ನೋಡಿ. ಚದರಡಿ ಕೇಳಿದ ಕೂಡಲೇ ಟನ್ ಹೇಳುವವರನ್ನು ನಂಬಬೇಡಿ. ಪರ್ಮಿಟ್ ಯಾರು ತೆಗೆಯುತ್ತಾರೆ, ಹಳೆಯ ರೆಫ್ರಿಜರೆಂಟ್ ಪೈಪನ್ನೇ ಬಳಸುತ್ತಾರೆಯೇ, ವಾರಂಟಿಯ ನೋಂದಣಿ ಯಾರ ಹೊಣೆ ಎಂಬುದೆಲ್ಲ ಕಾಗದದ ಮೇಲೆ ಬರಲಿ.

2025ರ ಜನವರಿಯಿಂದ ಹೊಸ ಯಂತ್ರಗಳ ತಯಾರಿಕೆ ಆರ್-454ಬಿ ಅಥವಾ ಆರ್-32 ರೆಫ್ರಿಜರೆಂಟಿಗೆ ಬದಲಾಗಿದೆ. ಹಳೆಯ ಆರ್-410ಎ ದಾಸ್ತಾನನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಮುಂದಿನ ಹದಿನೈದು ವರ್ಷದ ರಿಪೇರಿಯನ್ನು ನೆನೆದು ಚೌಕಾಶಿ ಮಾಡಿ. ಕೇಂದ್ರ ಸರ್ಕಾರ ಹೀಟ್ ಪಂಪಿಗೆ ಕೊಡುತ್ತಿದ್ದ 2,000 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದು ಇನ್ನೂ ಇದೆ ಎಂದು ಯಾರಾದರೂ ಕೊಟೇಶನ್ನಿನಲ್ಲಿ ತೋರಿಸಿದರೆ ಒಪ್ಪಬೇಡಿ. ರಾಜ್ಯದ ಮತ್ತು ವಿದ್ಯುತ್ ಕಂಪನಿಯ ರಿಬೇಟುಗಳು ಬೇರೆಯೇ, ಅವನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ವಿಚಾರಿಸಬೇಕು.

ಹೊರಗಿನ ಯಂತ್ರವನ್ನು ಏಸಿಯಂತೆ ನೆಲದ ಮೇಲೆ ಕೂರಿಸಬಾರದು. ಹಿಮ ಬಿದ್ದಾಗ ಮುಚ್ಚಿಹೋಗದಂತೆ ಒಂದು ಅಡಿಗೂ ಎತ್ತರದ ಸ್ಟ್ಯಾಂಡ್ ಬೇಕು, ಸೂರಿನ ನೀರು ಅದರ ಮೇಲೆ ಬೀಳಬಾರದು, ಅದರಿಂದ ಕರಗಿ ಹರಿಯುವ ನೀರು ನೀವು ಓಡಾಡುವ ದಾರಿಯಲ್ಲಿ ಹೆಪ್ಪುಗಟ್ಟಬಾರದು.

ಮೊದಲ ಚಳಿಗಾಲ

ಆ ವರ್ಷ ಮೈಸೂರಿನಿಂದ ಬಂದಿದ್ದ ನಮ್ಮ ಅಮ್ಮ ವೆಂಟಿನ ಮೇಲೆ ಅಂಗೈ ಹಿಡಿದು, ಇದರಲ್ಲಿ ಬಿಸಿಯೇ ಬರುತ್ತಿಲ್ಲವಲ್ಲ ಎಂದರು. ತೊಂಬತ್ತೈದು ಡಿಗ್ರಿಯ ಗಾಳಿ ನಮ್ಮ ಮೈಯ ಬಿಸಿಗಿಂತ ಕಡಿಮೆ, ಕೈಗೆ ತಣ್ಣಗೇ ತಾಗುತ್ತದೆ. ಆದರೆ ಕೋಣೆಯ ಥರ್ಮೋಮೀಟರ್ 70ರಲ್ಲಿ ಕದಲದೆ ನಿಂತಿತ್ತು. ಹೀಟ್ ಪಂಪ್ ಮೆಲ್ಲಗೆ ಗಂಟೆಗಟ್ಟಲೆ ಓಡುವುದೇ ಸರಿಯಾದ ಕ್ರಮ, ಓಡುತ್ತಲೇ ಇದೆ ಎಂದು ಗಾಬರಿಯಾಗಬೇಕಿಲ್ಲ. ಇನ್ನೊಂದು ದಿನ ಮುಂಜಾನೆ ಹಿತ್ತಲಲ್ಲಿ ಯಂತ್ರದಿಂದ ಹಬೆ ಏಳುವುದನ್ನು ಕಂಡು ಬೆಂಕಿ ಹತ್ತಿತೆಂದೇ ಅಮ್ಮ ಕೂಗಿದರು. ಸುರುಳಿಯ ಮೇಲೆ ಕಟ್ಟಿದ ಮಂಜನ್ನು ಕರಗಿಸಲು ಯಂತ್ರ ಕೆಲವು ನಿಮಿಷ ಹಿಂದುಮುಂದಾಗಿ ಓಡುತ್ತದೆ. ಆಗ ಫ್ಯಾನ್ ನಿಂತು, ಬಿಳಿಯ ಹಬೆ ಎದ್ದು, ಗುಂಯ್ ಎಂಬ ಶಬ್ದ ಬಂದು ಮತ್ತೆ ಎಂದಿನಂತೆ ಆಗುತ್ತದೆ.

ರಾತ್ರಿ ಥರ್ಮೋಸ್ಟಾಟನ್ನು ಎಂಟು ಹತ್ತು ಡಿಗ್ರಿ ಇಳಿಸಿ ಬೆಳಿಗ್ಗೆ ಏರಿಸುವ ಫರ್ನೇಸ್ ಕಾಲದ ಅಭ್ಯಾಸವನ್ನು ಬಿಡಬೇಕು. ಒಮ್ಮೆಲೇ ಏರಿಸಿದಾಗ ಯಂತ್ರ ಆಸರೆಯ ಸ್ಟ್ರಿಪ್ಪನ್ನೋ ಫರ್ನೇಸನ್ನೋ ಕರೆಯುತ್ತದೆ, ರಾತ್ರಿ ಉಳಿಸಿದ್ದೆಲ್ಲ ಹೋಗುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ಇಳಿಸದಿರುವುದು ಒಳ್ಳೆಯದು. ಸ್ಟ್ರಿಪ್ ಇರುವವರು ಎಮರ್ಜೆನ್ಸಿ ಹೀಟ್ ಗುಂಡಿಯನ್ನು ಹೆಚ್ಚು ಚಳಿಯೆಂದು ಒತ್ತಬಾರದು. ಅದು ಹೀಟ್ ಪಂಪನ್ನೇ ನಿಲ್ಲಿಸಿ, ಒಂದಕ್ಕೆ ಒಂದರಷ್ಟೇ ಶಾಖ ಕೊಡುವ ಸ್ಟ್ರಿಪ್ಪಿನ ಮೇಲೆ ಇಡೀ ಮನೆಯನ್ನು ನಡೆಸುತ್ತದೆ. ಯಂತ್ರ ಕೆಟ್ಟಾಗ ಮಾತ್ರ ಅದರ ಉಪಯೋಗ.

ಡ್ಯುಯಲ್ ಫ್ಯೂಯಲ್ ಇರುವವರು ಬದಲಾವಣೆಯ ಉಷ್ಣತೆಯನ್ನು ಅಳವಡಿಸುವವನು ಇಟ್ಟುಹೋದ ಅಂಕಿಯಲ್ಲೇ ಬಿಡದೆ, ಎರಡೂ ಬಿಲ್ಲುಗಳ ದರವನ್ನು ಮೇಲಿನ ಸೂತ್ರಕ್ಕೆ ಹಾಕಿ ಪ್ರತಿ ಅಕ್ಟೋಬರಿನಲ್ಲಿ ಒಮ್ಮೆ ತಿದ್ದಬೇಕು. ನಮ್ಮಲ್ಲಿ ಅಳವಡಿಸಿದವರು 40ಕ್ಕೆ ಇಟ್ಟು ಹೋಗಿದ್ದರು. ನಂತರದ ದರಗಳನ್ನು ನೋಡಿ 35ಕ್ಕೆ ಇಳಿಸಿದೆವು, ಗ್ಯಾಸ್ ತುಟ್ಟಿಯಾದ ವರ್ಷ 25ಕ್ಕೆ.